ಅಪ್ಪ ಎತ್ತಿಟ್ಟ ಸೆಲ್ಯೂಟ್

ಮಾರ್ಲಿಸ್ ಬೆಕ್ವಿತ್ ಎಂದಿನಂತೆ ಹಿಂಬಾಗಿಲನ್ನು ತಟ್ಟದೆಯೇ ಒಳಗೆ ಬಂದಳು. ಅಡಿಗೆಮನೆಯ ಮೇಜಿನ ಮೇಲೆ ಎರಡು ಪತ್ರಗಳನ್ನು ಹಾಸಿ, ಕುರ್ಚಿಯನ್ನು ತಿರುಗಿಸಿ ಹಾಕಿಕೊಂಡು ಕುಳಿತಳು.

“ಎರಡೂ ಬಂತು ಕಣೆ ಕೊರಿ! ಸೇನೆಯ ಸ್ಕಾಲರ್‌ಶಿಪ್ಪೂ ಬಂತು, ಬೆಥೆಸ್ಡಾನೂ ಬಂತು. ಶುಕ್ರವಾರದೊಳಗೆ ಒಂದಕ್ಕೆ ಹೂಂ ಅನ್ಬೇಕು. ನಂಗಂತೂ ತಲೆ ಕೆಟ್ಟೋಗಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನಿನ್ನ ಥರದ ಒಂದು ಪಟ್ಟಿ ಹಾಕ್ಕೊಡೇ.”

ಕೊರಿನ್ ಟೇಟಮ್ ಕಾಫಿ ಲೋಟವನ್ನು ಕೆಳಗಿಡಲಿಲ್ಲ. ಬೆಥೆಸ್ಡಾದ ಪತ್ರವನ್ನು ಮುಟ್ಟದೆಯೇ ಓದಿದಳು. ಬೆಥೆಸ್ಡಾದ ಸೇನಾ ವೈದ್ಯಕೀಯ ಶಾಲೆ ಆರು ತಿಂಗಳ ಹಿಂದೆ ಅವಳಿಗೇ ಸೀಟು ಕೊಟ್ಟಿತ್ತು. ಆನಂತರ ದೇಹಪರೀಕ್ಷೆಯ ಕಡತದಲ್ಲಿ ಒಂದು ಸಾಲು ಸಿಕ್ಕಿತು: ಹದಿನಾಲ್ಕನೆಯ ವಯಸ್ಸಿನಲ್ಲಿ, ಧೂಳುಗಾಳಿಯ ವಾರ, ಇನ್‌ಹೇಲರ್ ಬಳಕೆ. ಹದಿಮೂರು ದಾಟಿದ ಮೇಲೆ ಉಬ್ಬಸವಿತ್ತೆಂದರೆ ಸೇನೆ ಒಪ್ಪುವುದಿಲ್ಲ. ವಿನಾಯಿತಿ ಕೋರಿ ಬರೆದ ಅರ್ಜಿಗೆ ಎರಡೇ ಸಾಲಿನ ನಿರಾಕರಣೆ ಬಂತು; ಸೀಟು ಹೋಯಿತು. ಆ ಧೂಳುಗಾಳಿಯ ವಾರ ಸಾಫ್ಟ್‌ಬಾಲ್ ಮೈದಾನದಿಂದ ಮನೆಯವರೆಗೆ ಓಡಿಹೋಗಿ ಇನ್‌ಹೇಲರ್ ತಂದುಕೊಟ್ಟವಳು ಮಾರ್ಲಿಸ್. ಒಂದು ಮೈಲಿ ಓಡಿ ಬಂದರೂ ಅವಳಿಗೆ ಏದುಸಿರು ಬಂದಿರಲಿಲ್ಲ.

“ಬೆಥೆಸ್ಡಾದಲ್ಲಿ ನೀನು ಕಾಯೋರ ಪಟ್ಟೀಲಿದ್ಯಲ್ಲ?” ಎಂದಳು ಕೊರಿನ್.

“ಇದ್ದೆ. ಯಾರೋ ಬಿಟ್ರಂತೆ, ನನ್ನ ಕರೆದ್ರು,” ಎಂದ ಮಾರ್ಲಿಸ್, ಮಾತು ಬಾಯಿಂದ ಹೊರಬಿದ್ದ ಮೇಲೆ ತಟ್ಟನೆ ತಡೆದುಕೊಂಡಳು. “ಅಯ್ಯೋ, ಕೊರಿ... ನಾನು ಹಂಗಲ್ಲ...”

“ಇರ್ಲಿ ಬಿಡು. ಪತ್ರ ಎರಡನ್ನೂ ಇಲ್ಲೇ ಇಟ್ಟು ಹೋಗು.”

ಸೇನೆಯ ಹಣದಲ್ಲಿ ವೈದ್ಯೆಯಾಗುವ ದಾರಿಗಳ ಬಗ್ಗೆ ಲಾಟನ್ ಊರಿನಲ್ಲಿ ಕೊರಿನ್‌ಗಿಂತ ಹೆಚ್ಚು ತಿಳಿದವರಿರಲಿಲ್ಲ. ಎರಡು ವರ್ಷ ಅವಳು ಅದನ್ನೇ ಓದಿದ್ದಳು. ಸ್ಕಾಲರ್‌ಶಿಪ್ ಪಡೆದರೆ ಒಪ್ಪಿದ ಯಾವ ಕಾಲೇಜಿನಲ್ಲಾದರೂ ಓದಬಹುದು. ಸೇನೆ ಶುಲ್ಕ ಕಟ್ಟುತ್ತದೆ, ತಿಂಗಳ ಖರ್ಚಿಗೂ ಕೊಡುತ್ತದೆ. ಪ್ರತಿಯಾಗಿ ನಾಲ್ಕು ವರ್ಷದ ಸೇವೆ. ಬೆಥೆಸ್ಡಾದಲ್ಲಿ ಶುಲ್ಕವೇ ಇಲ್ಲ, ಮೊದಲ ದಿನದಿಂದ ಅಧಿಕಾರಿಯ ಪೂರ್ಣ ಸಂಬಳ. ಪ್ರತಿಯಾಗಿ ಏಳು ವರ್ಷ. ಮೂರನೆಯದು ನ್ಯಾಷನಲ್ ಗಾರ್ಡ್: ಊರಲ್ಲೇ ಇದ್ದು ತಿಂಗಳಿಗೊಂದು ವಾರಾಂತ್ಯ ಸಮವಸ್ತ್ರ ತೊಡುವುದು. ಮಾರ್ಲಿಸ್ ಅದನ್ನು ಕೇಳಿರಲಿಲ್ಲ. ಕೊರಿನ್ ಅದಕ್ಕೂ ಒಂದು ಕಾಲಂ ಎಳೆದಳು; ಪಟ್ಟಿ ಅಪೂರ್ಣವಾಗಿರುವುದು ಅವಳಿಗೆ ಸಹಿಸದು.

ಹದಿನಾಲ್ಕು ಸಾಲು ತುಂಬಿದ ಮೇಲೆ ಅವಳು ‘ಒಟ್ಟು ಬದ್ಧತೆ’ ಎಂಬ ಹದಿನೈದನೆಯದಕ್ಕೆ ಬಂದಳು. ಮಾರ್ಲಿಸ್‌ಗೆ ಶಸ್ತ್ರಚಿಕಿತ್ಸೆಯ ಆಸೆ. ಯಾವ ದಾರಿ ಹಿಡಿದರೂ ಪದವಿಯ ನಂತರ ಐದು ವರ್ಷ ಸೇನೆಯ ಆಸ್ಪತ್ರೆಯಲ್ಲಿ ತರಬೇತಿ, ಮತ್ತು ಆ ಐದು ವರ್ಷ ಸಾಲ ತೀರಿಸುವ ಸೇವೆಯಲ್ಲಿ ಸೇರುವುದಿಲ್ಲ. ಬೆಥೆಸ್ಡಾದ ಕಾಲಮ್ಮಿನಲ್ಲಿ ಅವಳು ಏಳಕ್ಕೆ ಐದನ್ನು ಕೂಡಿ ಹನ್ನೆರಡು ಎಂದು ಬರೆದಳು. ಸ್ಕಾಲರ್‌ಶಿಪ್ಪಿನ ಕಾಲಮ್ಮಿನಲ್ಲಿ ನಾಲ್ಕು ಎಂದಷ್ಟೇ ಬರೆದಳು; ತರಬೇತಿಯ ಐದನ್ನು ಕೂಡಲಿಲ್ಲ.

ಆ ನಾಲ್ಕು ಸುಳ್ಳಲ್ಲ. ಈ ಹನ್ನೆರಡೂ ಸುಳ್ಳಲ್ಲ. ಪಕ್ಕಪಕ್ಕದಲ್ಲಿ ಕೂತಾಗ ಮಾತ್ರ ಅವು ಸುಳ್ಳು ಹೇಳುತ್ತಿದ್ದವು. ಕೊರಿನ್ ಎರಡನ್ನೂ ಬಹಳ ಹೊತ್ತು ನೋಡಿದಳು. ತನಗೆ ಸಿಗದ ಬೆಥೆಸ್ಡಾ ಯಾರಿಗಾದರೂ ಸಿಗಲಿ, ಈ ಹಿಂಬಾಗಿಲಿನಿಂದ ಬರುವವಳಿಗೆ ಮಾತ್ರ ಬೇಡ. ಸೋಮವಾರ ಸಂಜೆ ಪಟ್ಟಿಯನ್ನು ಕಳುಹಿಸಿದಳು.

ಗುರುವಾರ ಬೆಳಿಗ್ಗೆ ಅಪ್ಪ ವೆಂಡೆಲ್ ಟೇಟಮ್ ಬನ್ನಿನಂಥ ಮೆತ್ತನೆಯ ಬಿಸ್ಕಿಟ್ಟಿನ ಮೇಲೆ ಗ್ರೇವಿ ಸುರಿದುಕೊಳ್ಳುತ್ತ, ಮೇಜಿನ ಮೇಲೆ ಉಳಿದಿದ್ದ ಪ್ರತಿಯನ್ನು ಕನ್ನಡಕದ ಕೆಳಗಿನಿಂದ ಓದಿದ. ಸೇನೆಯಲ್ಲಿ ಇಪ್ಪತ್ತೆರಡು ವರ್ಷ ಸಾರ್ಜೆಂಟ್ ಆಗಿ, ಸೈನಿಕರ ಸೇವಾವಧಿಯನ್ನು ಲೆಕ್ಕಹಾಕುವ ಕಚೇರಿಯಲ್ಲೇ ಸವೆದ ಮನುಷ್ಯ ಅವನು.

“ಮರಿ, ಇದು ನೀನು ಮಾಡಿದ್ದಾ?”

“ಹೂಂ.”

“ಈ ಕಡೆ ತರಬೇತಿ ವರ್ಷ ಸೇರಿಸಿದ್ದೀಯ. ಆ ಕಡೆ ಬಿಟ್ಟಿದ್ದೀಯ. ಅದು ನಾಲ್ಕಲ್ಲ, ಒಂಬತ್ತು.” ಅವನು ಮತ್ತೊಂದು ತುತ್ತು ನುಂಗಿದ. “ನನ್ನ ಕೈಕೆಳಗಿನ ಹುಡುಗ ಹೀಗೆ ಮಾಡಿದ್ರೆ ಕಣ್ತಪ್ಪು ಅಂದ್ಕೊತಿದ್ದೆ.”

ಕೊರಿನ್ ಪ್ರತಿಯನ್ನು ತನ್ನತ್ತ ಎಳೆದುಕೊಂಡಳು.

“ನಿನ್ನ ಕಣ್ಣು ಯಾವತ್ತೂ ತಪ್ಪಲ್ಲ,” ಎಂದು ಅವನು ತಟ್ಟೆಯನ್ನು ತೊಳೆಯಲು ಎದ್ದ. ಅಷ್ಟೇ. ಅವನು ಬೈದಿದ್ದರೆ ಅವಳೂ ಎದುರಾಡಬಹುದಿತ್ತು.

ನಾಲ್ಕನ್ನು ಒಂಬತ್ತು ಮಾಡಲು ಅರ್ಧ ನಿಮಿಷ ಸಾಕಾಗಿತ್ತು. ಕಳುಹಿಸುವ ಗುಂಡಿಯನ್ನು ಒತ್ತಲು ಮಧ್ಯಾಹ್ನದವರೆಗೆ ಬೇಕಾಯಿತು. ತಾನು ಕೆಲಸ ಮಾಡುವ ಆಸ್ಪತ್ರೆಯ ರಕ್ತ ತೆಗೆಯುವ ಕೋಣೆಯಲ್ಲಿ ಹನ್ನೊಂದು ಜನರ ತೋಳಿಗೆ ಸೂಜಿ ಚುಚ್ಚಿ, ಊಟದ ಬಿಡುವಿನಲ್ಲಿ ಅವಳು ಬರೆದಳು: ‘ಹದಿನೈದನೇ ಸಾಲು ತಪ್ಪಾಗಿತ್ತು. ಇದನ್ನ ನೋಡು.’

ಸಂಜೆ ಮಾರ್ಲಿಸ್ ಹಿಂಬಾಗಿಲಿನಿಂದ ಬಂದಳು. ಈ ಸಲ ಬಾಗಿಲು ತಟ್ಟಿದಳು.

“ಬೆಥೆಸ್ಡಾಕ್ಕೆ ಹೂಂ ಅಂದ್ಬಿಟ್ಟೆ. ವ್ಯತ್ಯಾಸ ಮೂರೇ ವರ್ಷ ಅಂದ್ಮೇಲೆ ಇನ್ನೇನು.”

“ಒಳ್ಳೇದಾಯ್ತು.”

“ಮೊದಲನೇ ಪಟ್ಟಿ ನೋಡಿದ ತಕ್ಷಣ ಗೊತ್ತಾಯ್ತು ಕಣೆ. ನಾನೂ ನಿನ್ ಜೊತೇನೇ ಲೆಕ್ಕ ಕಲಿತೋಳು.”

“ಮತ್ಯಾಕೆ ಕೇಳ್ಲಿಲ್ಲ?”

“ನೀನೇ ಸರಿ ಮಾಡ್ತೀಯಾಂತ ಕಾದೆ. ನಾಳೆವರೆಗೂ ಟೈಮಿತ್ತಲ್ಲ.”

ಕೊರಿನ್‌ಗೆ ಮುಖ ಸುಟ್ಟಂತಾಯಿತು. ಗಟ್ಟಿ ಶ್ವಾಸಕೋಶ ಸಿಕ್ಕಿದ್ದು ಸಾಲದೆಂಬಂತೆ ಈಗ ಈ ದೊಡ್ಡತನವೂ ಮಾರ್ಲಿಸ್‌ಗೇ. ಅವಳು ಕೋಪಿಸಿಕೊಂಡಿದ್ದರೆ, ಅತ್ತಿದ್ದರೆ, ಬಾಗಿಲು ಬಡಿದು ಹೋಗಿದ್ದರೆ, ತಾವಿಬ್ಬರೂ ಒಂದೇ ಎತ್ತರಕ್ಕೆ ಬರುತ್ತಿದ್ದೆವು ಎಂದುಕೊಂಡಳು.

ಮಾರ್ಲಿಸ್ ಬೆರಳ ತುದಿಯಿಂದ ಮೇಜಿನ ಅಂಚನ್ನು ಸವರುತ್ತಿದ್ದಳು. “ಇನ್ನೊಂದು ಕೇಳ್ಲಾ? ಪ್ರಮಾಣ ಮಾಡೋ ದಿನ ಮೊದಲ ಸೆಲ್ಯೂಟ್ ಯಾರಾದ್ರೂ ಹೊಡೀಬೇಕಲ್ಲ. ನಂಗೆ ಅಪ್ಪ ಇಲ್ಲ. ಸಾರ್ಜೆಂಟ್ ಟೇಟಮ್ ಅವರನ್ನ ಕೇಳ್ಬಹುದಾ? ನೀನು ಬೇಡ ಅಂದ್ರೆ ಬೇಡ. ನಿನ್ನ ಕೇಳ್ದೆ ಅವ್ರನ್ನ ಕೇಳಲ್ಲ.”

ಹೊಸ ಅಧಿಕಾರಿಗೆ ಮೊದಲ ಸೆಲ್ಯೂಟ್ ಹೊಡೆದ ಸೈನಿಕನ ಅಂಗೈಗೆ ಆ ಅಧಿಕಾರಿ ಬೆಳ್ಳಿಯ ಡಾಲರ್ ನಾಣ್ಯ ಇಡುವುದು ರೂಢಿ. ಕೊರಿನ್‌ಗೆ ಒಂಬತ್ತು ತುಂಬಿದ ದಿನ ಅಪ್ಪ 1922ರ ಬೆಳ್ಳಿ ಡಾಲರ್ ತಂದು ಅವಳ ಕೈಯಲ್ಲಿಟ್ಟಿದ್ದ. “ಇದನ್ನ ಒಂದಿನ ನಂಗೇ ವಾಪಸ್ ಕೊಡ್ಬೇಕು ನೀನು, ತಿಳೀತಾ?” ಎಂದಿದ್ದ. ಹದಿನಾಲ್ಕು ವರ್ಷಗಳಿಂದ ಅದು ಅವಳ ಕಾಲುಚೀಲದ ಡ್ರಾಯರಿನಲ್ಲಿತ್ತು.

“ಬೇಡ,” ಎಂದಳು ಕೊರಿನ್.

“ಸರಿ,” ಎಂದಳು ಮಾರ್ಲಿಸ್. ಹೋಗುವಾಗ ಕುರ್ಚಿಯನ್ನು ಸರಿಯಾಗಿ ತಿರುಗಿಸಿ ಇಟ್ಟಳು.

ಮೇ ತಿಂಗಳ ಮೂರನೆಯ ಶನಿವಾರ ಬೆಕ್ವಿತ್ ಕುಟುಂಬದ ಚರ್ಚಿನ ಸಭಾಂಗಣದಲ್ಲಿ ಮಾರ್ಲಿಸ್ ಬಲಗೈ ಎತ್ತಿ ಪ್ರಮಾಣ ಮಾಡಿದಳು. ಅವಳ ತಾಯಿ ಭುಜದ ಮೇಲೆ ಚಿನ್ನದ ಬಣ್ಣದ ಪಟ್ಟಿ ಸಿಕ್ಕಿಸಿದಳು. ನೇಮಕಾತಿ ಕಚೇರಿಯಿಂದ ಬಂದಿದ್ದ ಅಪರಿಚಿತ ಸಾರ್ಜೆಂಟ್ ಒಬ್ಬ ಮುಂದೆ ಬಂದು ಸೆಲ್ಯೂಟ್ ಹೊಡೆದ. ಮಾರ್ಲಿಸ್ ಕೈಕುಲುಕುವಾಗ ನಾಣ್ಯವನ್ನು ದಾಟಿಸಿದಳು. ಅವನು ಅದನ್ನು ನೋಡದೆಯೇ ಜೇಬಿಗೆ ಹಾಕಿಕೊಂಡ.

ಕೊನೆಯ ಸಾಲಿನಲ್ಲಿ ವೆಂಡೆಲ್ ಟೇಟಮ್ ಹಳೆಯ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಸಿ ತೊಟ್ಟು ಕುಳಿತಿದ್ದ. ಹೊಟ್ಟೆಯ ಮೇಲಿನ ಗುಂಡಿ ಹಾಕಲಾಗಿರಲಿಲ್ಲ. ಅವನ ಬಲಗೈ ತೊಡೆಯ ಮೇಲಿಂದ ಒಂದಂಗುಲ ಎದ್ದು, ಮತ್ತೆ ಅಲ್ಲಿಯೇ ಕೂತದ್ದನ್ನು ಕೊರಿನ್ ನೋಡಿದಳು.

ಪಿಕಪ್ ಟ್ರಕ್ಕಿನಲ್ಲಿ ಕೂತ ಮೇಲೆ ಅವನು ಕೀಲಿ ತಿರುಗಿಸಲಿಲ್ಲ.

“ನನ್ನ ಕೇಳ್ತಾಳೆ ಅಂದ್ಕೊಂಡಿದ್ದೆ.”

“ಕೇಳಿದ್ಲು ಅಪ್ಪ. ನನ್ನ ಹತ್ರ. ನಾನು ಬೇಡ ಅಂದೆ.”

ಚರ್ಚಿನ ಮೆಟ್ಟಿಲ ಮೇಲೆ ಮಾರ್ಲಿಸ್ ಯಾರ ಜೊತೆಗೋ ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಅಪ್ಪ ಆ ಕಡೆಗೇ ನೋಡುತ್ತಿದ್ದ.

“ಹಂಗಾದ್ರೆ ನನ್ನ ಸೆಲ್ಯೂಟನ್ನ ಯಾರಿಗಂತ ಇಟ್ಕೊಂಡಿರ್ಲಿ, ಮರಿ?”

ಕೊರಿನ್ ಕೈಚೀಲದೊಳಗೆ ಕೈ ಹಾಕಿದಳು. ಡಾಲರ್ ಅಲ್ಲಿತ್ತು, ಬೆಳಿಗ್ಗೆ ಏಕೆ ಎತ್ತಿಕೊಂಡಳೋ ಅವಳಿಗೇ ತಿಳಿದಿರಲಿಲ್ಲ. ಅದನ್ನು ಮುಷ್ಟಿಯಲ್ಲಿ ಹಿಡಿದಳು, ಹೊರಗೆ ತೆಗೆಯಲಿಲ್ಲ.

“ಗಾಡಿ ತೆಗಿ ಅಪ್ಪ,” ಎಂದಳು.