ಹಿತ್ತಲ ಮಣ್ಣಿನ ಸೀಸ

ಬೀದಿಯವರೆಲ್ಲ ಆಕೆಯನ್ನು ಸೊಪ್ಪಿನಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಹಿಂದಿನ ಒಂಬತ್ತು ಮಡಿಗಳಲ್ಲಿ ಪಾಲಕ್, ಮೆಂತ್ಯ, ದಂಟು ಬೆಳೆದು ಬಾಗಿಲಲ್ಲೇ ಮಾರುತ್ತಿದ್ದಳು. "ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನಂದು ಮದ್ದೇ ಕಣ್ರೀ" ಎಂದು ನಗುತ್ತಾ ಒಂದು ಹಿಡಿ ಜಾಸ್ತಿಯೇ ಹಾಕುತ್ತಿದ್ದಳು. ಎರಡು ಬೀದಿ ಆಚೆಗಿದ್ದ ಬಸುರಿ ಮಗಳಿಗೆ ಏಳು ತಿಂಗಳು. ರಕ್ತ ಕಮ್ಮಿ ಇದೆ, ಸೊಪ್ಪು ತಿನ್ನಲಿ ಎಂದು ಡಾಕ್ಟರು ಹೇಳಿದ ಮೇಲೆ ದಿನಕ್ಕೊಂದು ಕಟ್ಟು ಅಲ್ಲಿಗೂ ಹೋಗುತ್ತಿತ್ತು.

ಸೊಪ್ಪಿನಕ್ಕನ ತಂಗಿ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಹೊಸ ಯಂತ್ರ ಬಂದಾಗ ಕೈ ಪಳಗಲೆಂದು ಅಕ್ಕನ ಹಿತ್ತಲಿಂದ ಒಂದು ಡಬ್ಬಿ ಮಣ್ಣು ಒಯ್ದಿದ್ದಳು. ವಾರ ಕಳೆದು ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಅಕ್ಕ, ಆ ಸೊಪ್ಪು ಇನ್ಯಾರಿಗೂ ಕೊಡಬೇಡ. ಮಣ್ಣಲ್ಲಿ ಸೀಸ ಇದೆ. ಸಿಕ್ಕಾಪಟ್ಟೆ ಇದೆ."

"ಸೀಸಾನಾ? ಸಗಣಿ ಗೊಬ್ಬರ ಬಿಟ್ಟು ನಾನು ಬೇರೇನೂ ಹಾಕಿಲ್ವಲ್ಲೇ."

"ಭಾವ ಬ್ಯಾಟರಿ ಕರಗಿಸ್ತಿದ್ದದ್ದು ಎಲ್ಲಿ?"

ಸೊಪ್ಪಿನಕ್ಕ ಹಿತ್ತಲ ಬಾಗಿಲಿನತ್ತ ತಿರುಗಿದಳು. ತೀರಿಹೋದ ಗಂಡನದು ಬ್ಯಾಟರಿ ರಿಪೇರಿ ಅಂಗಡಿ. ಹದಿನಾಲ್ಕು ವರ್ಷ ಕಾಲ ಹಳೇ ಬ್ಯಾಟರಿ ಒಡೆದು, ಹಿತ್ತಲಲ್ಲೇ ಒಲೆ ಹೂಡಿ ಸೀಸ ಕರಗಿಸಿದ್ದ. ಆ ಒಲೆಯ ಬೂದಿಯನ್ನು ಬೇಲಿಯುದ್ದಕ್ಕೂ ಚೆಲ್ಲಿದವಳು ಇವಳೇ.

"ತೊಳೆದ್ರೆ ಹೋಗಲ್ವಾ?"

"ಎಲೆ ಮೇಲಿನ ಧೂಳು ಹೋಗುತ್ತೆ. ಒಳಗೆ ಸೇರಿದ್ದು ಬೇಯಿಸಿದ್ರೂ ಹೋಗಲ್ಲ."

ಮರುದಿನವೇ ಮಗಳ ರಕ್ತ ಪರೀಕ್ಷೆ ಮಾಡಿಸಿದರು. ಅದರಲ್ಲೂ ಸೀಸವಿತ್ತು. ಮಗಳು ಅಳಲಿಲ್ಲ. "ಬೇಡ ಅಂದ್ರೂ ಬಲವಂತ ಮಾಡಿ ತಿನ್ನಿಸ್ತಿದ್ಯಲ್ಲಮ್ಮ" ಎಂದಳು, ಅಷ್ಟೇ. ನಾಲ್ಕು ಮಾತು ಬೈದಿದ್ದರೇ ಚೆನ್ನಾಗಿತ್ತು.

ಸೊಪ್ಪಿನಕ್ಕ ಒಂಬತ್ತು ಮಡಿಯನ್ನೂ ಕೈಯಾರೆ ಕಿತ್ತು ಚೀಲಕ್ಕೆ ತುಂಬಿದಳು. ಆಮೇಲೆ ಮನೆಮನೆಗೂ ಹೋದಳು. "ನನ್ನ ಸೊಪ್ಪಲ್ಲಿ ವಿಷ ಇತ್ತು. ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ." ದರ್ಜಿಯ ಹೆಂಡತಿ ಮುಖದ ಮೇಲೇ ಕದ ಹಾಕಿದಳು. ರಿಟೈರಾದ ಮೇಷ್ಟ್ರು ಮಾತ್ರ, "ಬಂದು ಹೇಳಿದ್ರಲ್ಲ" ಎಂದು ಕೂರಿಸಿ ನೀರು ಕೊಟ್ಟರು. ಲೋಟ ಮುಟ್ಟದೆ ಅವಳು ಮುಂದಿನ ಮನೆಗೆ ಎದ್ದಳು.

ತಂಗಿ ಹೇಳಿದಂತೆ ಒಲೆಯಿದ್ದ ಜಾಗದ ಮಣ್ಣನ್ನು, ಬೇಲಿ ಬುಡದ್ದನ್ನು ಅಗೆಸಿ, ಕಾರ್ಖಾನೆ ಕಸ ಒಯ್ಯುವವರ ಲಾರಿಗೆ ಹಾಕಿಸಿದರು. ಉಳಿದ ನೆಲಕ್ಕೆ ಸುಣ್ಣ ಬೆರೆಸಿ, ಬುಟ್ಟಿಗಟ್ಟಲೆ ಕಾಂಪೋಸ್ಟ್ ಸುರಿದರು.

"ಹೀಗೆ ಮಾಡಿದ್ರೆ ಸೀಸ ಹೋಗುತ್ತೇನೇ?"

"ಹೋಗಲ್ಲ ಅಕ್ಕ. ಬೇರಿಗೆ ಸುಲಭವಾಗಿ ಸಿಗದ ಹಾಗೆ ಹಿಡಿದಿಡುತ್ತೆ. ಇನ್ಮೇಲೆ ಸೊಪ್ಪು, ಗೆಡ್ಡೆ ಬೇಡ. ಕಾಯಿಗೆ ಏರೋದು ಕಮ್ಮಿ."

ಆ ನೆಲದ ಮೇಲೆ ಸುತ್ತ ಹಲಗೆ ಕಟ್ಟಿ, ಹೊರಗಿಂದ ತಂದ ಮಣ್ಣು ತುಂಬಿ, ಸೋರೆಕಾಯಿ ಬೀಜ ಹಾಕಿದರು.

ಮಗಳಿಗೆ ಹೆಣ್ಣು ಮಗುವಾಯಿತು. ತೂಕ ಕಮ್ಮಿ. "ಈಗಲೇ ಏನೂ ಹೇಳೋಕಾಗಲ್ಲ, ಬೆಳೀತಾ ನೋಡ್ಬೇಕು" ಎಂದರು ಡಾಕ್ಟರು.

ಮೊದಲ ಸೋರೆಕಾಯಿಗಳಲ್ಲಿ ಒಂದನ್ನು ತಂಗಿ ಲ್ಯಾಬಿನಲ್ಲಿ ನೋಡಿ, ತಿನ್ನಬಹುದು ಎಂದಳು. ಇನ್ನೊಂದನ್ನು ಸೊಪ್ಪಿನಕ್ಕ ಮಗಳ ಮನೆಗೆ ಒಯ್ದಳು.

"ಅಲ್ಲಿಡಮ್ಮ" ಎಂದಳು ಮಗಳು.

ಹತ್ತು ದಿನ ಬಿಟ್ಟು ಹೋದಾಗಲೂ ಕಾಯಿ ಕಿಟಕಿಕಟ್ಟೆಯ ಮೇಲೇ ಇತ್ತು. ತೊಟ್ಟು ಕಪ್ಪಗಾಗಿ, ಒಂದು ಮಗ್ಗುಲು ಮೆತ್ತಗಾಗಿತ್ತು.

"ಇದನ್ನ ಆಚೆ ಹಾಕ್ಲಾ?" ಎಂದು ಕೇಳಿದಳು.

ಮಗಳು ಮಗುವಿನ ಮೇಲಿಂದ ಕಣ್ಣು ಎತ್ತಲಿಲ್ಲ. "ಹಾಕಮ್ಮ" ಎಂದಳು.