ಚಾಡಿಕೋರನ ಡಬ್ಬಿ

ಬೀಗ ರಿಪೇರಿಯವನ ಫೋನಿಗೆ ಅವನ ಅಕ್ಕ ಇಟ್ಟಿದ್ದ ಹೆಸರು ಸನ್ಯಾಸಿ. ಅದರಲ್ಲಿ ಬ್ಯಾಂಕಿನ ಆ್ಯಪ್ ತೆರೆಯುತ್ತಿರಲಿಲ್ಲ, ಟ್ಯಾಕ್ಸಿ ಕರೆಯಲು ಬರುತ್ತಿರಲಿಲ್ಲ, ಗಿರಾಕಿಗಳು ಕಳಿಸಿದ ಲೊಕೇಶನ್ ನಂಬಿ ಹೊರಟರೆ ಒಮ್ಮೊಮ್ಮೆ ಹಿಂದಿನ ಬೀದಿಯಲ್ಲಿ ನಿಂತಿರುತ್ತಿದ್ದ. ಫೋಟೋ ತೆಗೆದರೆ ಎಲ್ಲರೂ ಜ್ವರದಿಂದ ಎದ್ದವರ ಹಾಗೆ ಕಾಣುತ್ತಿದ್ದರು. ಆದರೂ ಅವನಿಗೆ ಅದರ ಮೇಲೆ ಎಲ್ಲಿಲ್ಲದ ಅಭಿಮಾನ. ಫೋನಿನ ಜೊತೆ ಬಂದ ಕಂಪನಿಯ ವ್ಯವಸ್ಥೆಯನ್ನು ಪೂರ್ತಿ ಅಳಿಸಿ, ಯಾರು ಬೇಕಾದರೂ ಒಳಗೆ ಇಣುಕಿ ನೋಡಬಹುದಾದ ಓಪನ್ ಸೋರ್ಸ್ ವ್ಯವಸ್ಥೆಯನ್ನು ತಾನೇ ಕೂತು ಹಾಕಿಕೊಂಡಿದ್ದ. ಮೊದಲ ಸಲ ಹಾಕುವಾಗ ಫೋನು ಕಲ್ಲಿನಂತೆ ಬಿದ್ದುಕೊಂಡಿತ್ತು. ಅದಕ್ಕೆ ಮತ್ತೆ ಜೀವ ಬರುವವರೆಗೆ ಊಟ ತಿಂಡಿ ಯಾವುದೂ ರುಚಿಸಿರಲಿಲ್ಲ.

ಇಷ್ಟೆಲ್ಲ ಒದ್ದಾಟ ಯಾಕೆ ಎಂದು ಕೇಳಿದವರಿಗೆ ಅವನ ಕಸುಬಿನಲ್ಲೇ ಉತ್ತರವಿತ್ತು. ಬಾಡಿಗೆ ಮನೆಗಳಿಗೆ ಹೊಸ ಬೀಗ ಹಾಕಲು ಹೋದಾಗ ಮಾಲೀಕರು ಅವನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಕೀ ಮಾಡಿಕೊಡು, ಬಾಡಿಗೆಯವರಿಗೆ ಹೇಳಬೇಡ ಎನ್ನುವುದಿತ್ತು. ಅವನು ಎಂದೂ ಮಾಡಿಕೊಟ್ಟವನಲ್ಲ. ಅದರಿಂದ ಗಿರಾಕಿಗಳನ್ನೂ ಕಳೆದುಕೊಂಡಿದ್ದ.

“ಫೋನ್ ಕಂಪನಿಯವರೂ ಅಷ್ಟೇ. ಫೋನು ನಿಮ್ಮದು, ಇನ್ನೊಂದು ಕೀ ಅವರ ಜೇಬಲ್ಲಿ. ನಮ್ಮ ವಸ್ತು ನಮಗೆ ಗೊತ್ತಾಗದ ಹಾಗೆ ಏನೂ ಮಾಡಬಾರದು,” ಅನ್ನುತ್ತಿದ್ದ.

ಮಾತೇನೋ ಸರಿಯಾದದ್ದೇ. ಆದರೆ ಸರಿಯಾದ ಮಾತು ಸಿಕ್ಕವರು ಅದನ್ನು ಎಲ್ಲಿ ಕೆಳಗಿಡಬೇಕೆಂದು ತಿಳಿಯದೆ ಹೊತ್ತುಕೊಂಡೇ ತಿರುಗುತ್ತಾರೆ. ಇವನೂ ಆ ಜಾತಿಯವನೇ.

ಅಕ್ಕ ಅದನ್ನೆಲ್ಲ ತಲೆಗೆ ಹಚ್ಚಿಕೊಂಡವಳಲ್ಲ. ತಾಯಿ ಹೋದ ಮೇಲೆ ಬಟ್ಟೆ ಹೊಲಿದು ಅವನನ್ನು ಸಾಕಿದವಳು. ತಮ್ಮ ಹೇಳಿದನೆಂದು ತನ್ನ ಫೋನನ್ನೂ ಅವನ ಕೈಗೆ ಕೊಟ್ಟು, “ಅದಕ್ಕೂ ದೀಕ್ಷೆ ಕೊಟ್ಟುಬಿಡಪ್ಪ” ಎಂದು ನಕ್ಕಿದ್ದಳು. ಆಮೇಲೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ಅವನು ತನ್ನದನ್ನೇ ಕೊಡಲು ಹೋದ. ಸಕ್ಕರೆ ಕಾಯಿಲೆ ಇದ್ದವರದು ಬೇಡವೆಂದು ಡಾಕ್ಟರು ವಾಪಸು ಕಳಿಸಿದರು. ಅಂದಿನಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್ ಕುರ್ಚಿ, ಉಳಿದ ದಿನ ಅದರ ಸುಸ್ತು. ಸತ್ತವರ ಮನೆಯವರು ದಾನ ಕೊಟ್ಟ ಕಿಡ್ನಿಗಾಗಿ ಅವಳ ಹೆಸರು ಸರದಿಯಲ್ಲಿತ್ತು.

ಅವಳ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವರು ಒಬ್ಬ ರಿಟೈರ್ಡ್ ಬಸ್ ಕಂಡಕ್ಟರ್. ಇಬ್ಬರದೂ ಒಂದೇ ಗುಂಪಿನ ರಕ್ತ, ಸರದಿಯಲ್ಲಿ ಅವಳ ಬೆನ್ನ ಹಿಂದೆಯೇ ಅವರು. ಅವಳು ಬಂದು ಕೂತ ಕೂಡಲೇ ಹಳೆಯ ಗಂಟಲು ತೆಗೆದು, “ಮುಂದೆ ಹೋಗಿ ಅಮ್ಮಾ, ಮುಂದೆ ಹೋಗಿ, ಹಿಂದೆ ಜನ ನಿಂತಿದ್ದಾರೆ” ಅನ್ನುತ್ತಿದ್ದರು. ಆ ಕೋಣೆಯಲ್ಲಿ ನಗು ಅಂತ ಇದ್ದದ್ದು ಅದೊಂದೇ.

ಕಿಡ್ನಿ ಸಿಕ್ಕಾಗ ತಿಳಿಸಲು ಆಸ್ಪತ್ರೆಯವರು ಒಂದು ಆ್ಯಪ್ ಮಾಡಿಸಿದ್ದರು. ಸುದ್ದಿ ಬಂದ ಒಂದು ಗಂಟೆಯೊಳಗೆ ಒಪ್ಪಿಗೆ ಒತ್ತಬೇಕು. ಒತ್ತದಿದ್ದರೆ ಸಿಸ್ಟರ್ ಫೋನ್ ಮಾಡುತ್ತಾರೆ, ಅದಕ್ಕೂ ಸಿಗದಿದ್ದರೆ ಸರದಿ ಮುಂದಿನವರಿಗೆ. ಆ ಆ್ಯಪನ್ನು ಅಕ್ಕನ ಫೋನಿಗೆ ಹಾಕಿದರೆ, ಈ ಫೋನು ಸುರಕ್ಷಿತವಲ್ಲ ಎಂದು ಬರೆದು ಮುಚ್ಚಿಕೊಂಡಿತು. ಅವನಿಗೆ ಮೈಯೆಲ್ಲ ಉರಿಯಿತು. ಕಂಪನಿಯ ವ್ಯವಸ್ಥೆಯನ್ನು ವಾಪಸು ಹಾಕುವುದು ಅರ್ಧ ದಿನದ ಕೆಲಸ. ಅದಕ್ಕೆ ಮನಸ್ಸು ಬರಲಿಲ್ಲ. ಬದಲಿಗೆ ಕಂಪನಿಯದೇ ಒಂದು ಹಳೆಯ ಫೋನು, ಹೊಸ ಸಿಮ್ ತಂದು ಆ್ಯಪನ್ನು ಅದರಲ್ಲಿ ಹಾಕಿದ. ಆಸ್ಪತ್ರೆಯಲ್ಲಿ ರೋಗಿಯ ನಂಬರ್ ಕೇಳಿದಾಗ ಅದನ್ನೇ ಕೊಟ್ಟ. ಮನೆಯವರ ನಂಬರ್ ಕೇಳಿದಾಗಲೂ ಅದನ್ನೇ ಕೊಟ್ಟ.

“ಎರಡೂ ಒಂದೇ ಆಯ್ತಲ್ಲ?” ಎಂದರು ಸಿಸ್ಟರ್.

“ನನ್ನ ನಂಬರ್ ನಾನು ಯಾವ ಆ್ಯಪಿಗೂ ಕೊಡಲ್ಲ ಸಿಸ್ಟರ್. ಇದು ಯಾವಾಗ್ಲೂ ಆನ್ ಇರುತ್ತೆ, ಯೋಚನೆ ಮಾಡಬೇಡಿ,” ಎಂದ.

ಆ ಫೋನಿಗೆ ಅಕ್ಕ ಚಾಡಿಕೋರ ಎಂದು ಹೆಸರಿಟ್ಟಳು. ಮನೆಯ ಮಾತನ್ನು ಕದ್ದು ಕೇಳಿ ಕಂಪನಿಗೆ ಊದುತ್ತದೆ ಎಂದು ತಮ್ಮ ಸಾರಿ ಸಾರಿ ಹೇಳಿದ್ದನಲ್ಲ! ಅದಕ್ಕೊಂದು ಜಾಗವನ್ನೂ ಅವನೇ ಮಾಡಿದ: ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿ, ಒಳಗೆ ಪದರ ಪದರವಾಗಿ ಅಲ್ಯೂಮಿನಿಯಂ ಹಾಳೆ, ಗಾಳಿಯೂ ನುಸುಳದ ಮುಚ್ಚಳ. ಮುಚ್ಚಿ ತನ್ನ ಫೋನಿಂದ ಕರೆ ಮಾಡಿ ನೋಡಿದ. ನೀವು ಕರೆ ಮಾಡಿದವರು ವ್ಯಾಪ್ತಿ ಪ್ರದೇಶದಲ್ಲಿಲ್ಲ ಎಂದು ಬಂತು. ಅವತ್ತು ಅವನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಡಬ್ಬಿ ಅಡುಗೆಮನೆಯ ಕಿಟಕಿಯಲ್ಲಿ ಬಾಯಿ ತೆರೆದುಕೊಂಡು ಇರುತ್ತಿತ್ತು. ಮನೆಯ ಗುಟ್ಟಿನ ಮಾತು ಬಂದರೆ ಮುಚ್ಚಳ ಹಾಕುವುದು, ಮಾತು ಮುಗಿದ ತಕ್ಷಣ ತೆಗೆಯುವುದು. ಹಾಕುವವನೂ ಅವನೇ, ತೆಗೆಯುವವನೂ ಅವನೇ. ಬೆಳಿಗ್ಗೆ ಎದ್ದ ಕೂಡಲೇ ಅಕ್ಕ ಹಾಸಿಗೆಯಿಂದಲೇ, “ಏನಂದ ಚಾಡಿಕೋರ?” ಎಂದು ಕೇಳಿದರೆ, ಅವನು ನೋಡಿ, “ಏನೂ ಇಲ್ವಂತೆ” ಅನ್ನುತ್ತಿದ್ದ. ಇದು ಆ ಮನೆಯ ಸುಪ್ರಭಾತ.

ಒಂದು ಸಂಜೆ ಅವನು ಕೆಲಸದಿಂದ ಬಂದು ಕೈ ತೊಳೆಯುತ್ತಿದ್ದಾಗ ಅಕ್ಕ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

“ಆ ಚಾಡಿಕೋರನ್ನ ಮುಚ್ಚೋ. ಒಂದು ಮಾತಾಡಬೇಕು.”

ಅವನು ಮುಚ್ಚಳ ಒತ್ತಿದ. ಅವಳು ಸ್ಟೂಲಿನ ಮೇಲೆ ಕೂತು, ಸೀರೆಯ ಅಂಚಿನ ಬಿಚ್ಚಿದ ಹೊಲಿಗೆಯನ್ನು ನೋಡುತ್ತ ಹೇಳಿದಳು.

“ನಾನಿನ್ನು ಆ ಕುರ್ಚಿಗೆ ಹೋಗಲ್ಲ.”

“ಏನು ಹಾಗಂದ್ರೆ?”

“ಸಾಕಾಗಿದೆ ಕಣೋ. ಒಂದು ಲೋಟ ನೀರು ಕುಡಿಯೋಕೂ ಹೆದರಬೇಕು. ಹೊಲಿಗೆ ಮೆಷಿನ್ ತುಳಿಯೋಣ ಅಂದ್ರೆ ಕಾಲಲ್ಲಿ ಬಲ ಇಲ್ಲ. ಇದೆಂಥ ಬದುಕು? ಹೋಗೋದು ಬಿಟ್ಟರೆ ಸ್ವಲ್ಪ ದಿನಕ್ಕೆ ಎಲ್ಲ ಮುಗಿಯುತ್ತಂತೆ, ಕೇಳ್ಕೊಂಡಿದ್ದೀನಿ.”

ಅವನು ಮೊದಲು ಗದರಿದ, ಆಮೇಲೆ ಅವಳ ಮುಂದೆ ನೆಲದ ಮೇಲೆ ಕೂತು ಗೋಗರೆದ. ಚಿಕ್ಕಂದಿನಲ್ಲಿ ಬಟ್ಟೆಯ ಚೂರು ಜೋಡಿಸಿ ಅವಳು ಹೊಲಿದುಕೊಟ್ಟ ಅಂಗಿಗಳನ್ನೆಲ್ಲ ನೆನಪಿಸಿದ. ಅವಳಿಲ್ಲದ ಮನೆಯ ಬಾಗಿಲು ತೆಗೆಯಲು ತನ್ನಿಂದ ಆಗದು ಎಂದ. ಊರಿನ ಬೀಗವನ್ನೆಲ್ಲ ತೆಗೆಯುವವನು ಹಾಗಂದದ್ದು ಕೇಳಿ ಅವಳಿಗೆ ಅಳುವಿನ ನಡುವೆಯೇ ನಗು ಬಂತು.

“ಸರದಿಯಲ್ಲಿ ಮೇಲಿದ್ದೀಯ ಅಂತ ಸಿಸ್ಟರ್ ಹೇಳಿಲ್ವಾ? ಇವತ್ತೋ ನಾಳೆಯೋ ಬಂದೇ ಬರುತ್ತೆ ಅಕ್ಕಾ. ಬರೋವರೆಗೂ ಕಾಯ್ತೀನಿ ಅನ್ನು. ನನಗೋಸ್ಕರ ಅನ್ನು.”

ಅವಳು ಅವನ ತಲೆಯ ಮೇಲೆ ಕೈ ಇಟ್ಟಳು. “ಆಯ್ತು ಬಿಡೋ. ಕಾಯ್ತೀನಿ.”

ಅವನಿಗೆ ಹೋದ ಜೀವ ಬಂದಂತಾಯಿತು. ಅವಳಿಗೆ ಎರಡು ತುತ್ತು ತಿನ್ನಿಸಿ, ಮಲಗಿಸಿ, ಕಾಲು ಒತ್ತುತ್ತ ಕೂತ. ಪಾತ್ರೆ ತೊಳೆದಿಟ್ಟ. ಅಕ್ಕನನ್ನು ಉಳಿಸಿಕೊಂಡೆ ಎಂದುಕೊಂಡು ದೀಪ ಆರಿಸಿದ. ಎಷ್ಟೋ ದಿನಗಳ ಮೇಲೆ ಅವನಿಗೆ ತಲೆ ಇಟ್ಟ ಕೂಡಲೇ ನಿದ್ದೆ ಹತ್ತಿತು.

ಬೆಳಿಗ್ಗೆ ಹಾಲು ಕಾಯಿಸಲು ಹೋದವನಿಗೆ ಕಿಟಕಿಯಲ್ಲಿ ಡಬ್ಬಿ ಕಂಡಿತು. ಮುಚ್ಚಳ ಹಾಕಿಯೇ ಇತ್ತು. ಉಗುರಿನಿಂದ ಮೀಟಿ ತೆಗೆದ. ಒಂದು ಕ್ಷಣ ಏನೂ ಇರಲಿಲ್ಲ. ಆಮೇಲೆ ಫೋನು ಒಂದೇ ಸಮನೆ ಗುರುಗುಟ್ಟತೊಡಗಿತು. ಕಿಡ್ನಿ ಲಭ್ಯವಿದೆ, ಒಪ್ಪಿಗೆ ತಿಳಿಸಿ. ಸಿಸ್ಟರ್ ಕರೆ ಮಾಡಿದ್ದರು. ಮತ್ತೆ ಮಾಡಿದ್ದರು. ಕೊನೆಯದು: ನಿಮ್ಮ ಸರದಿ ಮುಂದಿನವರಿಗೆ ಹೋಗಿದೆ.

ಮೆಟ್ಟಿಲ ಕೆಳಗೆ ಹೋಗಿ ನಿಂತು ಸಿಸ್ಟರಿಗೆ ಫೋನ್ ಮಾಡಿದ.

“ಎಷ್ಟು ಸಲ ಮಾಡೋದು ನಾನು? ವ್ಯಾಪ್ತಿಯಲ್ಲಿಲ್ಲ, ವ್ಯಾಪ್ತಿಯಲ್ಲಿಲ್ಲ ಅಂತಾನೇ ಬಂತು. ಇನ್ನೊಂದು ನಂಬರಿಗೆ ಮಾಡೋಣ ಅಂದ್ರೆ ಅದೂ ಅದೇ. ಕಿಡ್ನಿಯನ್ನ ಇಟ್ಕೊಂಡು ಕೂರೋಕಾಗುತ್ತಾ? ಎಲ್ಲಿಟ್ಟಿದ್ರಿ ಫೋನು?”

“ಅಕ್ಕನಿಗೆ ಹೇಳಬೇಡಿ ಸಿಸ್ಟರ್,” ಎಂದ.

“ನಾನು ಹೇಳಲ್ಲ. ಅದು ನೀವು ಹೇಳಬೇಕಾದ್ದು,” ಎಂದು ಅವರು ಫೋನಿಟ್ಟರು.

ಒಳಗೆ ಬಂದಾಗ ಅಕ್ಕ ಎದ್ದಿದ್ದಳು. ಮುಖ ಗೆಲುವಾಗಿತ್ತು.

“ಏನಂದ ಚಾಡಿಕೋರ?”

“ಏನೂ ಇಲ್ವಂತೆ,” ಎಂದ. ಅವಳಿಗೆ ಬೆನ್ನು ತಿರುಗಿಸಿ, ಬಂದಿದ್ದ ಸುದ್ದಿಗಳನ್ನೂ ಕರೆಗಳನ್ನೂ ಹೆಬ್ಬೆರಳಿನಿಂದ ಅಳಿಸಿದ. ಬಾಡಿಗೆಯವರಿಗೆ ಗೊತ್ತಾಗದಂತೆ ಕೀ ಮಾಡಿಕೊಡಲು ಎಂದೂ ಒಪ್ಪದಿದ್ದ ಕೈ ಅದು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು, ಆದರೂ ಅಳಿಸಿದ.

ಅಂದು ಡಯಾಲಿಸಿಸ್ ದಿನ. ತಾನೇ ಚಪ್ಪಲಿ ಹಾಕಿಕೊಂಡು ಅಕ್ಕ ಮುಂದೆ ಮುಂದೆ ನಡೆದಳು. ಅವಳ ಪಕ್ಕದ ಕುರ್ಚಿ ಖಾಲಿಯಿತ್ತು, ಮೇಲೆ ಒಗೆದ ಬಟ್ಟೆ ಹಾಸಿತ್ತು. ಅವಳು ನಿಂತುಬಿಟ್ಟಳು. ಆ ಕೋಣೆಯಲ್ಲಿ ಖಾಲಿ ಕುರ್ಚಿಗೆ ಸಾಮಾನ್ಯವಾಗಿ ಒಂದೇ ಅರ್ಥ.

ನೆಲ ಒರೆಸುತ್ತಿದ್ದ ಆಯಾ ತಲೆಯೆತ್ತಿ, “ಹೆದರಬೇಡಿ ಅಮ್ಮ. ಕಂಡಕ್ಟರಿಗೆ ಕಿಡ್ನಿ ಸಿಕ್ತು. ನಿನ್ನೆ ರಾತ್ರಿನೇ ಕರೆಸ್ಕೊಂಡು ಆಪರೇಷನ್ನೂ ಮಾಡಿದ್ರು, ಚೆನ್ನಾಗಿದ್ದಾರಂತೆ,” ಎಂದಳು.

“ಅಯ್ಯೋ, ಪುಣ್ಯಾತ್ಮ. ಬದುಕಿಕೊಂಡರಲ್ಲ,” ಎಂದು ಅಕ್ಕ ಕೂತಳು. ಸೂಜಿ ಚುಚ್ಚುವಾಗಲೂ ಅವಳ ಮುಖದ ನಗು ಆರಲಿಲ್ಲ. ಅವನ ಕಡೆ ಇನ್ನೊಂದು ಕೈ ಚಾಚಿದಳು. “ನೀನು ಹೇಳಿದ್ದು ಸುಳ್ಳಲ್ಲ ನೋಡು. ಕಾದರೆ ಬರುತ್ತೆ.”

ಅವನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಯಂತ್ರ ತಿರುಗತೊಡಗಿತು. ನಳಿಕೆಯಲ್ಲಿ ರಕ್ತ ಹೋಗುತ್ತಿತ್ತು, ಬರುತ್ತಿತ್ತು. ಅವಳು ಖಾಲಿ ಕುರ್ಚಿಯನ್ನೇ ನೋಡುತ್ತಿದ್ದಳು.

“ಅವರು ನನ್ನ ಹಿಂದೆ ಇದ್ದವರಲ್ವೇನೋ?” ಎಂದಳು.

ಅವನು ನಳಿಕೆಯಿಂದ ಕಣ್ಣು ತೆಗೆಯಲಿಲ್ಲ.

“ನಿನ್ನೆ ಮಾತು ಮುಗಿದ ಮೇಲೆ ಮುಚ್ಚಳ ತೆಗೆದ್ಯಾ?”

ಇನ್ನೊಂದು ಸುಳ್ಳಿಗೆ ಅವನಲ್ಲಿ ಶಕ್ತಿ ಉಳಿದಿರಲಿಲ್ಲ. “ಇಲ್ಲ ಅಕ್ಕಾ. ಮರೆತೆ.”

ಅವಳು ಕಣ್ಣು ಮುಚ್ಚಿಕೊಂಡಳು. ಸಿಸ್ಟರೊಬ್ಬರು ಬಂದು ಯಂತ್ರದ ಗುಂಡಿ ತಿರುಗಿಸಿ ಹೋದರು.

“ಮುಚ್ಚು ಅಂದವಳು ನಾನೇ ಅಲ್ವಾ,” ಎಂದಳು ಕೊನೆಗೆ.

ತೆಗೆಯಬೇಕಾಗಿದ್ದವನು ನಾನು, ಇನ್ನೊಂದು ನಂಬರ್ ಕೊಡದೆ ಹೋದವನು ನಾನು ಎಂದು ಅವನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವಳು ತಪ್ಪಿನಲ್ಲಿ ಪಾಲು ತೆಗೆದುಕೊಂಡಳೆಂದು ಒಂದು ಗಳಿಗೆ ಅವನ ಎದೆಯ ಭಾರ ಇಳಿಯಿತು.

ಅವಳು ಕಣ್ಣು ತೆರೆದು ಅವನನ್ನೇ ನೋಡಿದಳು. “ಬೆಳಿಗ್ಗೆ ನಾನು ಕೇಳಿದಾಗ ನಿನಗೆ ಗೊತ್ತಿತ್ತಾ?”

ಅವನು ತಲೆ ತಗ್ಗಿಸಿದ.

ಸೂಜಿ ಚುಚ್ಚಿದ ಕೈಯನ್ನು ಅವಳು ಅಲ್ಲಾಡಿಸುವಂತಿರಲಿಲ್ಲ. ಅವನು ಹಿಡಿದುಕೊಂಡಿದ್ದ ಕೈಯನ್ನು ಮಾತ್ರ ಮೆಲ್ಲಗೆ ಬಿಡಿಸಿಕೊಂಡು ಹೊದಿಕೆಯ ಒಳಗೆ ಇಟ್ಟುಕೊಂಡಳು.