ಸದ್ದಿಲ್ಲದ ಯಂತ್ರ

ಉಸಿರಾಟದ ಯಂತ್ರದ ಗುಂಡಿ ಒತ್ತಿದರೆ ಪರದೆಯ ಮೇಲೆ ಕಂಪನಿಯ ಗುರುತು ಮೂಡುತ್ತಿತ್ತು. ಆಮೇಲೆ ಯಂತ್ರ ಕಂಬದ ಹಾಗೆ ನಿಂತುಬಿಡುತ್ತಿತ್ತು. ಕಾರಣವನ್ನು ಆ ಯಂತ್ರಕ್ಕೆ ಕೋಡ್ ಬರೆಯುತ್ತಿದ್ದ ಅವಳೇ ಪತ್ತೆಹಚ್ಚಿದಳು. ಮ್ಯಾನೇಜರು ತರಿಸಿದ್ದ ಅಗ್ಗದ ಚಿಪ್‌ನಲ್ಲಿ ಸದ್ದು ಹೊರಡಿಸುವ ಭಾಗವನ್ನು ಕಾರ್ಖಾನೆಯಲ್ಲೇ ಶಾಶ್ವತವಾಗಿ ಮುಚ್ಚಿದ್ದರು. ಯಂತ್ರವನ್ನು ನಡೆಸುವ ತಂತ್ರಾಂಶ, ಅಂದರೆ ಓಎಸ್, ಶುರುವಾಗುವಾಗ ಚಿಪ್‌ನ ಒಂದೊಂದೇ ಭಾಗವನ್ನು ಕೂಗಿ ಎಬ್ಬಿಸುತ್ತದೆ. ಮುಚ್ಚಿದ ಭಾಗದ ಮುಂದೆ ಬಂದಾಗ ಉತ್ತರಕ್ಕೆ ಕಾಯುತ್ತಾ ಅಲ್ಲೇ ಬೇರುಬಿಡುತ್ತಿತ್ತು.

ಯಾವ ಭಾಗ ಮುಚ್ಚಿದೆ ಎಂಬ ಗುರುತು ಚಿಪ್‌ನಲ್ಲೇ ಇರುತ್ತದೆ. ಮೊದಲು ಅದನ್ನು ಓದಿ, ಮುಚ್ಚಿದ್ದನ್ನು ದಾಟಿ ಹೋಗುವಂತೆ ಅವಳು ಕೋಡ್ ತಿದ್ದಿದಳು. ಯಂತ್ರ ಎದ್ದಿತು. ಜೊತೆಗೆ ಪರದೆಯ ಮೇಲೆ ಹಳದಿ ಸಾಲೊಂದನ್ನೂ ಸೇರಿಸಿದಳು: "ಎಚ್ಚರಿಕೆಯ ಸದ್ದು ಬರುವುದಿಲ್ಲ."

ಮ್ಯಾನೇಜರು ಅವಳ ಭಾವ, ಅಕ್ಕನ ಗಂಡ. ಕೆಲಸ ಕೊಡಿಸಿದವರು, ಅದನ್ನು ಊಟಕ್ಕೊಮ್ಮೆ ನೆನಪಿಸುವವರು. ಕೋಡ್ ಬರೆಯುವುದನ್ನು ಎಂದೋ ಬಿಟ್ಟು, ಕೋಡಿನ ಬಗ್ಗೆ ಭಾಷಣ ಮಾಡುವುದರಲ್ಲಿ ಪಳಗಿದವರು.

"ಇದೇನು ಹಣೆ ಮೇಲೆ ಬರ್ಕೊಂಡಿರೋದು?"

"ನರ್ಸ್‌ಗೆ ಗೊತ್ತಾಗ್ಬೇಕಲ್ಲ ಭಾವ... ಸಾರ್."

"ಹೆಣ್ಣು ನೋಡೋಕೆ ಹೋದವರು ಹುಡುಗನ ಗೊರಕೆ ವಿಷಯ ಹೇಳ್ತಾರಾ? ತೆಗಿ ಅದನ್ನ."

ಅವಳು ತೆಗೆದಳು. ಅಕ್ಕನ ಮುಖ ಕಣ್ಮುಂದೆ ಬಂದಿತ್ತು.

ಯಂತ್ರ ಮಾರಲು ತೋರಿಸಹೋದ ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಭಾವನ ಭಾಷಣ ಮುಗಿಯುವವರೆಗೂ ಕಾಯಲಿಲ್ಲ. ಗಾಳಿಯ ಕೊಳವೆಯನ್ನು ಬೆರಳಿನಿಂದ ಹಿಚುಕಿಬಿಟ್ಟಳು. ಪರದೆ ಕೆಂಪಾಯಿತು. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ.

"ಬಾಯೇ ಬಿಡ್ಲಿಲ್ಲವಲ್ಲ ಇದು?"

"ಅದೇ ಇದರ ವಿಶೇಷ ಮೇಡಂ! ರೋಗಿಗೆ ನೆಮ್ಮದಿಯ ನಿದ್ದೆ."

"ಉಸಿರು ನಿಂತೋನನ್ನೂ ನಿದ್ದೆ ಮಾಡ್ತಿದಾನೆ ಅಂದ್ಕೊಳ್ಳಲಾ? ನನ್ನ ಮೇಜು ಇರೋದು ಗೋಡೆಯಾಚೆ ಕಣ್ರೀ."

ಭಾವ ಕೂದಲೆಳೆಯಷ್ಟೂ ಅಲುಗಲಿಲ್ಲ. "ಸದ್ಯಕ್ಕೆ ಆಫ್ ಮಾಡಿದೀವಿ ಅಷ್ಟೆ. ಸೆಟ್ಟಿಂಗ್ ಬದಲಾಯಿಸಿದ್ರೆ ಬರುತ್ತೆ. ಅಲ್ವೇನಮ್ಮಾ?"

ಎಲ್ಲರೂ ಅವಳತ್ತ ತಿರುಗಿದರು. ಹಾಗೆ ನೋಡಿದರೆ ಹೂಂ ಎಂದು ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಮನೆಯಲ್ಲಿ ಎಷ್ಟೋ ಸಲ ಅಲ್ಲಾಡಿಸಿ ಅಭ್ಯಾಸವೂ ಇತ್ತು. ಆದರೆ ಗೋಡೆಯಾಚೆಯ ಆ ಮೇಜಿನಿಂದ ಮಂಚ ಕಾಣುವುದಿಲ್ಲ ಎಂಬುದನ್ನು ಬರುವಾಗಲೇ ಗಮನಿಸಿದ್ದಳು.

"ಬರಲ್ಲ," ಎಂದಳು. ಸ್ವರ ಕೀರಲಾಗಿತ್ತು. "ಏನು ಮಾಡಿದ್ರೂ ಬರಲ್ಲ ಮೇಡಂ. ಈ ಚಿಪ್‌ನಲ್ಲಿ ಸದ್ದಿನ ಭಾಗವನ್ನೇ ಮುಚ್ಚಿಬಿಟ್ಟಿದಾರೆ. ಚಿಪ್ ಬದಲಾಯಿಸ್ಬೇಕು, ಇಲ್ಲಾ ಹೊರಗಡೆಯಿಂದ ಬೇರೆ ಬಜರ್ ಕೂಡಿಸ್ಬೇಕು."

"ಕೂಡಿಸ್ಕೊಂಡೇ ಬನ್ನಿ," ಎಂದು ನರ್ಸ್ ಪ್ಲಗ್ ಕಿತ್ತು ವೈರನ್ನು ಭಾವನ ಕೈಗಿಟ್ಟಳು.

ಲಿಫ್ಟಿನ ಮುಂದೆ ಭಾವ ಹಲ್ಲು ಕಡಿದರು. "ಅಕ್ಕನ ಮುಖ ನೋಡಿಯಾದ್ರೂ ಸುಮ್ನಿರ್ಬಾರ್ದಿತ್ತಾ? ನಾಳೆಯಿಂದ ಬರ್ಬೇಡ ನೀನು!"

ಕೋಣೆಯಿಂದ ಲಿಫ್ಟಿನವರೆಗೂ ಯಂತ್ರವನ್ನು ಮಗುವಿನಂತೆ ಅವಚಿಕೊಂಡಿದ್ದವಳು ಅವಳೇ.

"ಸರಿ ಭಾವ. ಹಿಡ್ಕೊಳ್ಳಿ ಹಾಗಾದ್ರೆ," ಎಂದು ಅದನ್ನು ಅವರ ತೋಳಿಗೆ ದಾಟಿಸಿದಳು. "ಬಜರ್ ಕೂಡಿಸಿದ ಮೇಲೆ ಕೋಡನ್ನೂ ತಿದ್ಬೇಕಾಗುತ್ತೆ. ನೀವೇ ತಿದ್ಬಿಡಿ."

ಅವಳು ಮೆಟ್ಟಿಲಿಳಿಯುವಾಗ ಭಾವ ಮೊಣಕೈಯಿಂದ ಲಿಫ್ಟಿನ ಗುಂಡಿ ಒತ್ತಲು ಹೆಣಗುತ್ತಿದ್ದರು.